ಸೋಡಾ, ಲಕೋಟೆ, ನೂಲು: ಯೆರವಡಾದ ಮನೆ ಉದ್ಯೋಗ

ಯೆರವಡಾದಲ್ಲಿ ಮನೆ ಹಿಡಿದಿದ್ದೇವೆ ಎಂದು ಧಾರವಾಡಕ್ಕೆ ಫೋನ್ ಮಾಡಿದಾಗ ನನ್ನ ಸೋದರಮಾವ ಮೊದಲು ಕೇಳಿದ್ದು ಬಾಡಿಗೆ ಎಷ್ಟೆಂದಲ್ಲ. "ಗ್ವಾಡಿ ಒಳಗೋ, ಹೊರಗೋ?" ಎಂದು ಕೇಳಿದರು.

ಪುಣೆಯಲ್ಲೂ ಈ ಹೆಸರಿನ ಪಾಡು ಇದೇ. 1871ರಲ್ಲಿ ಕಟ್ಟಿದ ಸೆಂಟ್ರಲ್ ಜೈಲು ಇಲ್ಲಿದೆ, ದೊಡ್ಡ ಮಾನಸಿಕ ಆಸ್ಪತ್ರೆ ಇದೆ. ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ "ಇವನನ್ನ ಯೆರವಡಾಕ್ಕೆ ಕಳಿಸ್ರಿ" ಎನ್ನುವುದು ಈ ಊರಿನ ಹಳೆಯ ಚೇಷ್ಟೆ. ನಾವಿರುವುದು ಗೋಡೆಯ ಹೊರಗೆ, ಮೂರನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಮಗಳಿಗೆ ಎಂಟು, ಮಗನಿಗೆ ಐದು. ವರ್ಷದಲ್ಲಿ ಆರು ತಿಂಗಳು ಅತ್ತೆಯವರು ಧಾರವಾಡದಿಂದ ಬಂದು ಜೊತೆಗಿರುತ್ತಾರೆ. ಮಕ್ಕಳಿಗೆ ಅವರು ಅಜ್ಜಿ. ಎದುರು ಮನೆಯ ಮರಾಠಿ ಹಿರಿಯರು ಆಜಿ. ಒಂದು ದೀರ್ಘ, ಒಂದು ಒತ್ತಕ್ಷರದ ಅಂತರದಲ್ಲಿ ಇಬ್ಬರೂ ಎದುರುಬದುರು ವಾಸವಾಗಿದ್ದಾರೆ.

ಒಂದು ದಸರೆಯ ರಜೆಗೆ ನಾನು ಮಕ್ಕಳಿಗೆಂದು ಆನ್‌ಲೈನಿನಲ್ಲಿ ಒಂದು 'ಕಲಿಕೆಯ ಕಿಟ್' ತರಿಸಿದೆ. ಮೊದಲೇ ಕತ್ತರಿಸಿದ ಹಲಗೆ, ಮೊದಲೇ ಕೊರೆದ ತೂತು, ಎಲ್ಲಿ ಅಂಟು ಹಚ್ಚಬೇಕೆಂಬ ಗುರುತು. ಅರ್ಧ ತಾಸಿನಲ್ಲಿ ಆಟ ಮುಗಿಯಿತು. ಆಮೇಲೆ ಮಕ್ಕಳು ಆಡಿದ್ದು ಅದು ಬಂದ ರಟ್ಟಿನ ಡಬ್ಬದ ಜೊತೆ, ಎರಡು ದಿನ. "ಇಷ್ಟು ರೊಕ್ಕಾ ಕೊಟ್ಟು ಡಬ್ಬಿ ತರಿಸಿದ್ರೇನು?" ಎಂದು ಅತ್ತೆಯವರು ಕೇಳಿದಾಗ ಉತ್ತರ ಇರಲಿಲ್ಲ. ಹಾಗಾದರೆ ಮನೆಯಲ್ಲಿ ಏನು ಮಾಡಿಸುವುದು? ಉಪಾಯ ಸಿಕ್ಕಿದ್ದು ನಮ್ಮ ಓಣಿಯಾಚೆಯ ಆ ಕಲ್ಲಿನ ಗೋಡೆಯ ಒಳಗಿನಿಂದಲೇ, ಅದೂ 1932ರಿಂದ.

ಆ ವರ್ಷ ಜನವರಿ 4ರಂದು ಗಾಂಧೀಜಿಯನ್ನೂ ವಲ್ಲಭಭಾಯಿ ಪಟೇಲರನ್ನೂ ಬಂಧಿಸಿ ಯೆರವಡಾ ಜೈಲಿಗೆ ತಂದರು. ಮಾರ್ಚಿನಲ್ಲಿ ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಬಂದು ಸೇರಿಕೊಂಡರು. ಮುಂದಿನ ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಮೂವರು ಒಂದೇ ಅಂಗಳದಲ್ಲಿ ಸಂಸಾರ ಹೂಡಿದರು. ಸಂಸಾರ ಎಂದೇ ಹೇಳಬೇಕು. ಮಹಾದೇವರ ದಿನಚರಿಯಲ್ಲಿ ರಾಜಕೀಯ ಎಷ್ಟಿದೆಯೋ ಅಡುಗೆ, ಪಥ್ಯ, ಚೇಷ್ಟೆ, ಕಲಿಕೆಯೂ ಅಷ್ಟೇ ಇದೆ. ಐವತ್ತು ದಾಟಿದ ಬ್ಯಾರಿಸ್ಟರ್ ಪಟೇಲರು ಮಗ್ಗಿ ಕಲಿಯುವ ಹುಡುಗನಂತೆ ಸಂಸ್ಕೃತದ ಪಾಠ ಹೇಳಿಕೊಳ್ಳುತ್ತಿದ್ದರು. ಗಾಂಧೀಜಿ ಜೈಲಿನ ಬೆಕ್ಕು ಮತ್ತು ಅದರ ಮರಿಗಳ ನಡವಳಿಕೆಯನ್ನು ಗಮನಿಸಿ ಆಶ್ರಮಕ್ಕೆ ಪತ್ರ ಬರೆಯುತ್ತಿದ್ದರು. ದೇಶದ ಅತಿ ದೊಡ್ಡ ಪತ್ರ ವ್ಯವಹಾರ ಆಗ ನಡೆಯುತ್ತಿದ್ದದ್ದು ಬಹುಶಃ ಆ ಅಂಗಳದಿಂದ. ಅಷ್ಟು ಪತ್ರಗಳಿಗೆ ಲಕೋಟೆ ಬೇಕಲ್ಲ? ಪಟೇಲರು ಬಂದ ಕಾಗದಗಳ, ಕಟ್ಟುಗಳ ರದ್ದಿಯನ್ನು ಜೋಪಾನ ಮಾಡಿ, ಮಡಚಿ, ಅಂಟಿಸಿ ಲಕೋಟೆ ಮಾಡುತ್ತ ಕೂರುತ್ತಿದ್ದರು. ಮುಂದೆ ಐನೂರಕ್ಕೂ ಹೆಚ್ಚು ಸಂಸ್ಥಾನಗಳನ್ನು ಅಂಟಿಸಿದ ಕೈ ಅದು. ಈ ಮಾತು ಮಗಳಿಗೆ ಹೇಳಿದೆ. ಅವಳಿಗೆ ಸಂಸ್ಥಾನ ಅರ್ಥವಾಗಲಿಲ್ಲ, ಅಂಟು ಅರ್ಥವಾಯಿತು.

ನಮ್ಮ ಮನೆಯ ಮೊದಲ ಉದ್ಯೋಗ ಹಾಗೆ ಶುರುವಾಯಿತು. ಪುಣೆಯ ಪ್ರತಿ ಅಡುಗೆಮನೆಯ ಗೋಡೆಯಲ್ಲೂ ನೇತಾಡುವ ಕಾಲನಿರ್ಣಯ ಕ್ಯಾಲೆಂಡರಿನ ಹಳೆಯ ಹಾಳೆಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಗಟ್ಟಿ ಕಾಗದ, ದೊಡ್ಡ ಅಳತೆ, ಹಿಂಬದಿಯಲ್ಲಿ ಅಡುಗೆಯ ಬರಹ. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ಕುದಿಸಿದರೆ ಅಂಟು ತಯಾರು. ಇಲ್ಲೇ ಮೊದಲ ಸಣ್ಣ ಶೋಧ: ತಣ್ಣೀರಲ್ಲಿ ಕದಡಿದ ಹಿಟ್ಟು ಎಷ್ಟು ಹೊತ್ತು ಬಿಟ್ಟರೂ ತಳಕ್ಕಿಳಿಯುತ್ತದೆಯೇ ಹೊರತು ಅಂಟಾಗುವುದಿಲ್ಲ. ಬಿಸಿ ತಾಗಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ, ಒಳಗಿನ ಉದ್ದುದ್ದ ಸರಪಳಿಗಳು ಹೊರಬಂದು ಒಂದಕ್ಕೊಂದು ತೊಡರುತ್ತವೆ. ಗಂಜಿ ಆರಿದ ಮೇಲೆ ಗಟ್ಟಿಯಾಗುವುದೂ, ಅನ್ನದ ಅಗುಳಿನಿಂದ ಪೋಸ್ಟಿನ ಚೀಟಿ ಹಚ್ಚುತ್ತಿದ್ದದ್ದೂ ಇದೇ ಕಾರಣಕ್ಕೆ. ಮಗ ಅಂಟನ್ನು ನೆಕ್ಕಿ ನೋಡಿ "ಉಪ್ಪಿಲ್ಲ" ಎಂದ.

ಲಕೋಟೆ ಇಪ್ಪತ್ತು ಮೂವತ್ತಾದ ಮೇಲೆ ಒಳಗೆ ಹಾಕುವುದೇನು ಎಂಬ ಪ್ರಶ್ನೆ ಎದ್ದಿತು. ಪತ್ರ ಬರೆಯುವ ಕಾಲವಲ್ಲ. ಆಗ ನನ್ನ ಗಂಡ ಡೆಕ್ಕನ್ ಕಾಲೇಜಿನ ಮಾತು ತೆಗೆದರು. ಅದೂ ಯೆರವಡಾದಲ್ಲೇ ಇದೆ. 1821ರ ಹಿಂದೂ ಕಾಲೇಜಿನಿಂದ ಬೆಳೆದು ಬಂದ ಸಂಸ್ಥೆ, ದೊಡ್ಡ ಮರಗಳ ನಡುವೆ ಕಪ್ಪು ಕಲ್ಲಿನ ಕಟ್ಟಡ. ಕನ್ನಡದ ವ್ಯಾಕರಣವನ್ನು ಹೊಸ ಕಣ್ಣಿನಿಂದ ನೋಡಿಸಿದ ಡಿ. ಎನ್. ಶಂಕರ ಭಟ್ಟರು ಭಾಷಾವಿಜ್ಞಾನದಲ್ಲಿ ಪಳಗಿದ್ದು ಇಲ್ಲಿ. ಸುರಪುರ ಸೀಮೆಯ ಹುಣಸಗಿ ಬಯಲಿನಲ್ಲಿ ಹತ್ತು ಲಕ್ಷ ವರ್ಷಕ್ಕೂ ಹಳೆಯ ಕಲ್ಲಿನ ಆಯುಧಗಳ ಕಾರ್ಖಾನೆಯನ್ನೇ ಅಗೆದು ತೋರಿಸಿದ ಕೆ. ಪದ್ದಯ್ಯನವರೂ ಇಲ್ಲಿಯವರೇ. ಈ ಕಾಲೇಜಿನಲ್ಲಿ 1948ರಿಂದ ಸಂಸ್ಕೃತದ ಒಂದು ಮಹಾನಿಘಂಟಿನ ಕೆಲಸ ನಡೆದಿದೆ. ಕೆಲಸದ ರೀತಿ ಸರಳ: ಗ್ರಂಥ ಓದುತ್ತ ಹೋಗುವುದು, ಪದ ಸಿಕ್ಕಾಗ ಒಂದು ಚೀಟಿಯ ಮೇಲೆ ಪದ, ಅದು ಬಂದ ವಾಕ್ಯ, ಗ್ರಂಥದ ಹೆಸರು ಬರೆಯುವುದು, ಚೀಟಿಯನ್ನು ಅಕಾರಾದಿಯಾಗಿ ಡ್ರಾಯರಿಗೆ ಹಾಕುವುದು. ಹೀಗೆ ಸುಮಾರು ಒಂದು ಕೋಟಿ ಚೀಟಿಗಳು ಸೇರಿವೆ. ಮೊದಲ ಭಾಗ ಹೊರಬಂದದ್ದು 1976ರಲ್ಲಿ. ಮೂವತ್ತಕ್ಕೂ ಹೆಚ್ಚು ಸಂಪುಟ ಬಂದ ಮೇಲೂ 'ಅ' ಎಂಬ ಒಂದಕ್ಷರ ಮುಗಿದಿರಲಿಲ್ಲ.

"ಹಂಗಾದ್ರ ನನಗೂ ಅವಸರ ಇಲ್ಲ," ಎಂದಳು ಮಗಳು. ಈಗ ಅವಳ ಲಕೋಟೆಗಳಲ್ಲಿ ಕನ್ನಡ ಮತ್ತು ಮರಾಠಿ ಎರಡರಲ್ಲೂ ಓಡಾಡುವ ಪದಗಳ ಚೀಟಿಗಳಿವೆ. 'ಬಾಯಿ' ಲಕೋಟೆ ಎಲ್ಲಕ್ಕಿಂತ ಹಳೆಯದು: ನಮಗೆ ಊಟ ಮಾಡುವ ಬಾಯಿ, ಅವರಿಗೆ ಹೆಂಗಸು. 'ಕೇಳ' ಎಂದರೆ ಆಜಿಯ ಮನೆಯಲ್ಲಿ ಬಾಳೆಹಣ್ಣು. ನಮ್ಮ ಮನೆಯಲ್ಲಿ "ನನ್ನ ಮಾತು ಕೇಳ" ಎಂದರೆ ಯಾರೂ ಬಾಳೆಹಣ್ಣು ಕೊಡುವುದಿಲ್ಲ, ಮಾತನ್ನೂ ಕೇಳುವುದಿಲ್ಲ. ನಮ್ಮ 'ತುಪ್ಪ' ಅವರ 'ತೂಪ'. ನಮ್ಮ 'ಅಡಕತ್ತರಿ' ಅವರ 'ಅಡಕಿತ್ತಾ'. ಇವೆರಡೂ ಕನ್ನಡದಿಂದ ಆ ಕಡೆ ಹೋದವು ಎನ್ನುತ್ತಾರೆ ಬಲ್ಲವರು. ಆಜಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಹಾಗಾದರೆ ವಾಪಸು ತಗೊಂಡು ಹೋಗಿ" ಎಂದು ಒಂದು ಬಟ್ಟಲು ತೂಪ ಕೊಟ್ಟು ಕಳಿಸಿದರು.

ಸೋಡಾದ ಕಥೆಗೆ ಬರುತ್ತೇನೆ. ಗಾಂಧೀಜಿ ಆಗ ಜೈಲಿನಲ್ಲಿ ಅಡುಗೆ ಸೋಡಾವನ್ನು ನೀರಿಗೆ, ನಿಂಬೆರಸಕ್ಕೆ, ಕಂಡದ್ದಕ್ಕೆಲ್ಲ ಹಾಕಿ ಕುಡಿಯುತ್ತಿದ್ದರು. ಪಟೇಲರಿಗೆ ಇದು ತಮಾಷೆಯ ವಸ್ತು. ಯಾರಾದರೂ ಎಂಥದೇ ಸಮಸ್ಯೆ ಎತ್ತಲಿ, ಅವರ ಉತ್ತರ ಒಂದೇ: ಸೋಡಾ ಹಾಕಿ! ನಮ್ಮ ಮನೆಗೆ ಈ ಮಾತು ಅಂಟಿಕೊಂಡುಬಿಟ್ಟಿದೆ. ಶೂ ಲೇಸು ಗಂಟಾದರೂ ಸೋಡಾ, ಲಿಫ್ಟು ಕೆಟ್ಟರೂ ಸೋಡಾ.

ನಿಜವಾದ ಸೋಡಾ ಮನೆಯಲ್ಲಿ ಹೊರಬರುವುದು ಶನಿವಾರ ಸಂಜೆ, ಗಿರಮಿಟ್ ಮಿರ್ಚಿಗೆ. ಧಾರವಾಡದವರಿಗೆ ಇದನ್ನು ವಿವರಿಸಬೇಕಿಲ್ಲ. ಬೇರೆಯವರಿಗೆ ವಿವರಿಸಿ ಪ್ರಯೋಜನವಿಲ್ಲ. ಆದರೂ ಒಂದು ಮಾತು: ಉಳ್ಳಾಗಡ್ಡಿ, ಟೊಮೆಟೊ, ಹುಣಸೆಹುಳಿ, ಬೆಲ್ಲದ ಒಗ್ಗರಣೆಯಲ್ಲಿ ಚುರಮರಿ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ, ಪಕ್ಕಕ್ಕೆ ಬಿಸಿ ಮೆಣಸಿನಕಾಯಿ ಬಜಿ ಇಡಬೇಕು. ಪುಣೆಯ ಸಾದಾ ಕುರ್ಮುರೆ ಇದಕ್ಕೆ ಒಗ್ಗುವುದಿಲ್ಲ, ಒಗ್ಗರಣೆ ಬಿದ್ದ ಕೂಡಲೇ ಕುಸಿಯುತ್ತದೆ. ಸಾಂಗಲಿ ಕೊಲ್ಹಾಪುರದ ಕಡೆಯಿಂದ ಬರುವ ಭಡಂಗದ ದಪ್ಪ ಚುರಮರಿಯಾದರೆ ನಡೆದೀತು. ಇದು ನನ್ನ ತೀರ್ಪು. ಅತ್ತೆಯವರು ಇದನ್ನೂ ಒಪ್ಪದೆ ಧಾರವಾಡದಿಂದ ಚೀಲ ಹೊತ್ತು ತರುತ್ತಾರೆ.

ಬಜಿಯ ಹಿಟ್ಟಿಗೆ ಎಷ್ಟು ಸೋಡಾ? "ಚಿಟಿಕಿ ಅಂದ್ರ ಚಿಟಿಕೀನ. ಜಾಸ್ತಿ ಆದ್ರ ಬಾಯಾಗ ಸಬಕಾರ ಇಟ್ಟಂಗ ಆಗ್ತದ." ಅತ್ತೆಯವರ ಈ ಮಾತು ಬರಿಯ ಉಪಮೆಯಲ್ಲ. ಕಾದ ಎಣ್ಣೆಯಲ್ಲಿ ಸೋಡಾ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿಗುಳ್ಳೆ ಮತ್ತು ನೀರಿನ ಹಬೆ ಸೇರಿ ಕಡಲೆಹಿಟ್ಟಿನ ಕವಚವನ್ನು ಉಬ್ಬಿಸುತ್ತವೆ. ಹಿಂದೆ ಉಳಿಯುವುದು ಸೋಡಿಯಂ ಕಾರ್ಬೊನೇಟ್, ಎಂದರೆ ಅಗಸರ ಬಟ್ಟೆ ಸೋಡಾ. ಹಿಟ್ಟಿನಲ್ಲಿ ಹುಳಿ ಇದ್ದರೆ, ಮಜ್ಜಿಗೆಯನ್ನೋ ನಿಂಬೆರಸವನ್ನೋ ಹಾಕಿದ್ದರೆ, ಸೋಡಾ ಅದರೊಡನೆ ಕೂಡಿ ಮುಗಿದುಹೋಗುತ್ತದೆ, ಸಬಕಾರದ ರುಚಿ ಉಳಿಯುವುದಿಲ್ಲ. ಹುಳಿಯಿಲ್ಲದ ಬಜಿಯ ಹಿಟ್ಟಿಗೆ ಚಿಟಿಕೆ ಸಾಕು, ಹುಳಿ ಮಜ್ಜಿಗೆಯ ಢೋಕಳಾಕ್ಕೆ ಚಮಚ ಬೇಕು ಎನ್ನುವುದರ ಗುಟ್ಟು ಇದು.

ಒಂದು ಶನಿವಾರ ಮಗ ನನ್ನ ಕಣ್ಣು ತಪ್ಪಿಸಿ ಚಿಟಿಕೆಯ ಬದಲು ಒಂದು ಚಮಚವೇ ಸುರಿದ. ಅಂದು ಹಿಟ್ಟಿಗೆ ಅರಿಶಿನವನ್ನೂ ಹಾಕಿದ್ದೆವು. ಹಳದಿ ಹಿಟ್ಟು ನೋಡನೋಡುತ್ತ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮಗ ಅಳಲು ಶುರು ಮಾಡಿದ, ಹಿಟ್ಟಿಗೆ ಪೆಟ್ಟಾಗಿ ರಕ್ತ ಬಂತೆಂದು. ಮಗಳು ಓಡಿಹೋಗಿ ನಿಂಬೆಹಣ್ಣು ತಂದು ಹಿಂಡಿದಳು. ಬುಸ್ಸೆಂದು ನೊರೆ ಬಂದು ಬಣ್ಣ ಮತ್ತೆ ಹಳದಿ. ಅತ್ತೆಯವರು ಕುರ್ಚಿಯಿಂದ ಏಳದೆಯೇ ಹೇಳಿದರು, "ಅದೇನ್ ಜಾದೂ ಅಲ್ಲ. ಓಕುಳಿ ನೀರು ಹೆಂಗ ಮಾಡ್ತೀವಿ?"

ಹೌದಲ್ಲ! ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದರೆ ಕೆಂಪಾಗುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅರಿಶಿನದಿಂದ ಕುಂಕುಮ ಮಾಡುವ ಹಳೆಯ ವಿಧಾನವೂ ಇದೇ. ಅರಿಶಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಹುಳಿಯಲ್ಲಿ ಹಳದಿಯಾಗಿಯೇ ಇದ್ದು ಕ್ಷಾರದಲ್ಲಿ ಕೆಂಪಾಗುತ್ತದೆ. ಸುಣ್ಣ, ಸೋಡಾ, ಸಬಕಾರ ಮೂರೂ ಕ್ಷಾರ. ಬಿಳಿ ಅಂಗಿಯ ಮೇಲಿನ ಸಾರಿನ ಕಲೆ ಸಬಕಾರ ಹಚ್ಚಿದ ಕೂಡಲೇ ಕೆಂಪಾಗಿ ಗಾಬರಿ ಹುಟ್ಟಿಸುವುದೂ ಇದರಿಂದಲೇ. ಮುಂದಿನ ವಾರವೆಲ್ಲ ಮಕ್ಕಳಿಗೆ ಇದೇ ಕೆಲಸ. ಹಳೆಯ ಮದುವೆ ಕರೆಯೋಲೆಯ ಬಿಳಿ ಕಾಗದಕ್ಕೆ ಅರಿಶಿನದ ನೀರು ಬಳಿದು ಒಣಗಿಸಿ ಪಟ್ಟಿ ಕತ್ತರಿಸಿದರು. ಮನೆಯಲ್ಲಿದ್ದ ಎಲ್ಲ ದ್ರವಗಳ ಪರೀಕ್ಷೆ ಆಯಿತು: ಪಾತ್ರೆ ತೊಳೆದ ನೀರು, ಮಜ್ಜಿಗೆ, ಬೂದಿ ಕದಡಿದ ನೀರು, ಅಪ್ಪನ ಶೇವಿಂಗ್ ಕ್ರೀಮು. ಕೊಂಡು ತಂದ ಕಿಟ್ಟಿನಲ್ಲೂ ಇಂಥ ಪಟ್ಟಿಯೊಂದಿತ್ತು, ಬಳಸಿ ಎಸೆದಿದ್ದರು. ತಾವೇ ಮಾಡಿದ್ದನ್ನು ಎಸೆಯಲಿಲ್ಲ. ಅದು ಈಗ 'ಓಕುಳಿ' ಎಂದು ಬರೆದ ಲಕೋಟೆಯಲ್ಲಿದೆ.

ಯೆರವಡಾ ಎಂಬ ಹೆಸರು ಜಗತ್ತಿಗೆ ಪರಿಚಯವಾದದ್ದು ಜೈಲಿನಿಂದ, 1932ರ ಸೆಪ್ಟೆಂಬರ್ 24ರ ಪುಣೆ ಒಪ್ಪಂದದಿಂದ. ಆದರೆ ಈ ಹೆಸರನ್ನು ಹೊತ್ತ ಒಂದು ವಸ್ತುವೂ ಇದೆ, ಯೆರವಡಾ ಚಕ್ರ. ಹಳೆಯ ರಾಟೆ ದೊಡ್ಡದು, ಹೊತ್ತುಕೊಂಡು ತಿರುಗಲು ಬರುವುದಿಲ್ಲ. 1929ರಲ್ಲಿ ಅಖಿಲ ಭಾರತ ಚರಕ ಸಂಘ ಹಗುರಾದ, ಅಗ್ಗದ, ಹೆಚ್ಚು ನೂಲುವ ಚರಕ ಮಾಡಿದವರಿಗೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತ್ತು. ಅಂದಿನ ಲಕ್ಷ! ಗಾಂಧೀಜಿ ತಾವೂ ಸುಮ್ಮನಿರಲಿಲ್ಲ. 1930ರಿಂದಾಚೆಗಿನ ಜೈಲುವಾಸಗಳಲ್ಲಿ ಚರಕವನ್ನು ಬಿಚ್ಚುತ್ತ ಕೂಡಿಸುತ್ತ ಹೋದರು. ಹಾಗೆ ರೂಪ ತಾಳಿದ್ದು ಪುಸ್ತಕದಂತೆ ತೆರೆಯುವ, ಮುಚ್ಚಿದರೆ ಕೈಚೀಲದಂತೆ ಒಯ್ಯಬಹುದಾದ ಪೆಟ್ಟಿಗೆ ಚರಕ. ಅವರು ಬಳಸಿದ ಅಂಥ ಒಂದು ಚರಕ 2013ರ ನವೆಂಬರಿನಲ್ಲಿ ಇಂಗ್ಲೆಂಡಿನ ಹರಾಜಿನಲ್ಲಿ 1,10,000 ಪೌಂಡಿಗೆ ಹೋಯಿತು. ಬಡವನ ಯಂತ್ರಕ್ಕೆ ಬಂದ ಬೆಲೆ ನೋಡಿ.

ನಮ್ಮ ಮನೆಯಲ್ಲಿ ನೂಲು ಶುರುವಾದದ್ದು ಚರಕದಿಂದಲ್ಲ, ಗೌರಿ ಹಬ್ಬದ ಗೆಜ್ಜೆವಸ್ತ್ರದಿಂದ. ಅತ್ತೆಯವರು ಅರಳೆ ಬಿಡಿಸಿ, ಬೀಜ ತೆಗೆದು, ಬೆರಳಿಗೆ ಹಾಲು ಸೋಂಕಿಸಿಕೊಂಡು ಬತ್ತಿ ಹೊಸೆಯುತ್ತ ಕೂತಿದ್ದರು. ಮಗಳು ಪಕ್ಕದಲ್ಲಿ ಕೂತು ಎಷ್ಟು ತಿರುವಿದರೂ ಅವಳದು ಹರಿದುಹೋಗುತ್ತಿತ್ತು. "ಹೊಸೆಯೂದು ಅಂದ್ರ ಬರೇ ತಿರುವೂದಲ್ಲವಾ. ಎಳ್ಕೋತ ತಿರುವಬೇಕು." ಅಷ್ಟೇ ಪಾಠ. ಆದರೆ ಆ ಒಂದು ವಾಕ್ಯದಲ್ಲಿ ನೂಲಿನ ವಿದ್ಯೆಯೆಲ್ಲ ಇದೆ. ಹತ್ತಿಯ ಒಂದು ಎಳೆಯ ಉದ್ದ ಎರಡು ಮೂರು ಸೆಂಟಿಮೀಟರ್ ಮಾತ್ರ. ಇಷ್ಟು ಗಿಡ್ಡ ಎಳೆಗಳಿಂದ ಗಜಗಟ್ಟಲೆ ನೂಲು ಹೇಗೆ? ಗಂಟು ಇಲ್ಲ, ಅಂಟು ಇಲ್ಲ. ಇರುವುದು ಹುರಿ ಒಂದೇ. ತಿರುವಿದಾಗ ಎಳೆಗಳು ಒಂದನ್ನೊಂದು ಸುತ್ತಿ ಒತ್ತುತ್ತವೆ. ಜಗ್ಗಿದಷ್ಟೂ ಆ ಸುತ್ತು ಬಿಗಿಯಾಗಿ ಹಿಡಿತ ಹೆಚ್ಚುತ್ತದೆ. ಎಳೆಯದೆ ಬರೇ ತಿರುವಿದರೆ ಎಳೆಗಳು ಸಾಲಾಗಿ ಕೂರದೆ ಗಡ್ಡೆ ಕಟ್ಟುತ್ತವೆ. ತಿರುವದೆ ಎಳೆದರೆ ಜಾರಿಹೋಗುತ್ತವೆ. ಹತ್ತಿಯ ಎಳೆ ಒಣಗಿದಾಗ ಚಪ್ಪಟೆಯಾಗಿ ತಾನೇ ನುಲಿದುಕೊಂಡಿರುವುದೂ ಈ ಹಿಡಿತಕ್ಕೆ ಅನುಕೂಲ. ಬೂರುಗದ ಅರಳೆ ನೋಡಲು ಹತ್ತಿಯಂತೆಯೇ ಇದ್ದರೂ ಅದರ ಎಳೆ ನುಣುಪು, ನೂಲಲು ಒಗ್ಗುವುದಿಲ್ಲ. ದಿಂಬಿಗಷ್ಟೇ ಅದು.

ಆಮೇಲೆ ಖಾದಿ ಅಂಗಡಿಯಿಂದ ಒಂದು ಪೆಟ್ಟಿಗೆ ಚರಕ ತಂದೆವು. ಮೊದಲ ಹದಿನೈದು ದಿನ ಅದು ಮನೆಯಲ್ಲಿ ಜಗಳ ಹುಟ್ಟಿಸುವ ಯಂತ್ರವಾಗಿತ್ತು. ನನ್ನ ಗಂಡ ಎಂಜಿನಿಯರು. ಅವರಿಗೆ ಚಕ್ರಗಳ ಲೆಕ್ಕ ಅರ್ಥವಾಯಿತು, ನೂಲು ಬರಲಿಲ್ಲ. ಲೆಕ್ಕ ಹೀಗೆ: ದೊಡ್ಡ ಚಕ್ರದ ದಾರ ಚಿಕ್ಕ ಚಕ್ರವನ್ನು ತಿರುಗಿಸುತ್ತದೆ, ಚಿಕ್ಕ ಚಕ್ರದ ದಾರ ಕದಿರನ್ನು. ದೊಡ್ಡದು ಒಂದು ಸುತ್ತು ಬಂದಾಗ ಚಿಕ್ಕದು ನಾಲ್ಕು ಸುತ್ತು, ಚಿಕ್ಕದು ಒಂದು ಸುತ್ತಿಗೆ ಕದಿರು ಹತ್ತು ಸುತ್ತು ಎಂದಿಟ್ಟುಕೊಳ್ಳಿ. ಕೈಯ ಒಂದು ಸುತ್ತಿಗೆ ಕದಿರು ನಲವತ್ತು ಸುತ್ತು. ದೊಡ್ಡ ರಾಟೆಯ ವೇಗ ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಸಿದ್ದು ಹೀಗೆ, ಎರಡು ಹಂತದ ಗುಣಾಕಾರದಿಂದ. ಇನ್ನೊಂದು ಜಾಣತನ ಕದಿರಿನ ತುದಿಯಲ್ಲಿದೆ. ಹಂಜಿಯನ್ನು ಓರೆಯಾಗಿ ಹಿಡಿದಾಗ ನೂಲು ತುದಿಯಿಂದ ಪ್ರತಿ ಸುತ್ತಿಗೂ ಜಾರುತ್ತದೆ, ಒಂದೊಂದು ಜಾರಿಗೆ ಒಂದೊಂದು ಹುರಿ ಸೇರುತ್ತದೆ. ಕೈ ಚಾಚುವಷ್ಟು ನೂಲು ಬಂದ ಮೇಲೆ ಅಡ್ಡಕ್ಕೆ ಹಿಡಿದರೆ ಅದೇ ಕದಿರು ಸುತ್ತಿಕೊಳ್ಳುತ್ತದೆ. ಹುರಿ ಹಾಕುವುದೂ ಸುತ್ತುವುದೂ ಒಂದೇ ಕದಿರು, ಬದಲಾಗುವುದು ಕೈಯ ಕೋನ ಮಾತ್ರ.

ಈ ಕೋನವನ್ನು ಎಂಜಿನಿಯರಿಗೆ ಕಲಿಸಿದ್ದು ಅವರ ಅಮ್ಮ. ಅತ್ತೆಯವರು ಶಾಲೆಯಲ್ಲಿ ತಕಲಿಯ ತಾಸಿನಲ್ಲಿ ನೂತವರು. ಅರವತ್ತು ವರ್ಷದ ಮೇಲೂ ಬೆರಳು ಮರೆತಿರಲಿಲ್ಲ. ಖಾದಿಯ ರಾಷ್ಟ್ರಧ್ವಜ ಹುಬ್ಬಳ್ಳಿಯ ಬೆಂಗೇರಿಯಿಂದ ಬರುತ್ತದೆ ಎಂಬುದನ್ನು ಎದುರು ಮನೆಯ ಆಜಿಗೆ ಅವರು ಈಗಾಗಲೇ ನಾಲ್ಕು ಸಲ ಹೇಳಿದ್ದಾರೆ.

ಮಕ್ಕಳನ್ನು ಆಗಾಖಾನ್ ಅರಮನೆಗೆ ಕರೆದೊಯ್ದದ್ದು ಚರಕ ಮನೆಗೆ ಬಂದ ಮೇಲೆ. ಅದು ನಗರ ರಸ್ತೆಯಲ್ಲಿ, ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ದಾರಿ. 1892ರಲ್ಲಿ ಮೂರನೆಯ ಆಗಾಖಾನರು ಕಟ್ಟಿಸಿದ ಕಟ್ಟಡ. 1942ರ ಆಗಸ್ಟಿನಿಂದ 1944ರ ಮೇ 6ರ ತನಕ ಗಾಂಧೀಜಿ ಮತ್ತವರ ಬಳಗಕ್ಕೆ ಸೆರೆಮನೆ. ಮಹಾದೇವ ದೇಸಾಯಿ ಅಲ್ಲಿಗೆ ಬಂದ ವಾರದೊಳಗೇ, ಆಗಸ್ಟ್ 15ರಂದು ತೀರಿಕೊಂಡರು. ಕಸ್ತೂರಬಾ 1944ರ ಫೆಬ್ರವರಿ 22ರಂದು. ಅಲ್ಲಿ ಬಾ ಕೇರಂ ಆಡುತ್ತಿದ್ದರಂತೆ. ಎಪ್ಪತ್ತು ದಾಟಿದ ಮೇಲೆ ಗಂಡನಿಂದ ಭೂಗೋಳದ ಪಾಠವನ್ನೂ ಹೇಳಿಸಿಕೊಳ್ಳುತ್ತಿದ್ದರು. ರಾಜಧಾನಿಗಳ ಹೆಸರು ತಪ್ಪಿ ಹೋಗುತ್ತಿದ್ದವು. ಮಗಳಿಗೆ ಇದು ಬಹಳ ಸಮಾಧಾನ ತಂದಿತು. ಕೊನೆಗೆ ಬಾ ಅವರಿಗೆ ಉಡಿಸಿದ್ದು ಗಾಂಧೀಜಿ ನೂತ ನೂಲಿನ ಸೀರೆ. ಸಮಾಧಿಯ ಮುಂದೆ ನಿಂತು ಮಗಳು ಕೇಳಿದ ಪ್ರಶ್ನೆ ಒಂದೇ: "ಒಂದ್ ಸೀರಿಗೆ ಎಷ್ಟು ನೂಲು ಬೇಕು?" ಮನೆಗೆ ಬಂದು ಲೆಕ್ಕ ಹಾಕಲು ಹೊರಟೆವು. ಸೀರೆಯ ಒಂದು ಅಂಗುಲದಲ್ಲಿ ಹಾಸು ಎಷ್ಟು, ಹೊಕ್ಕು ಎಷ್ಟು ಎಂದು ಭೂತಗನ್ನಡಿಯಲ್ಲಿ ಎಣಿಸಿ, ಉದ್ದ ಅಗಲದಿಂದ ಗುಣಿಸಿ ನೋಡಿದರೆ ಅತ್ತೆಯವರ ಸಾದಾ ಸೀರೆಗೇ ಇಪ್ಪತ್ತು ಕಿಲೋಮೀಟರಿನಷ್ಟು ನೂಲು! ಇಲ್ಲಿಂದ ಸಿಂಹಗಡ ಕೋಟೆಯ ದಾರಿಯಲ್ಲಿ ಅರ್ಧಕ್ಕೂ ಮೀರಿ ಹೋದೀತು. ಮಗಳು ಆವರೆಗೆ ನೂತದ್ದು ಒಂಬತ್ತು ಮೀಟರ್.

ಸಿಂಹಗಡ ಎಂದಾಗ ದೀಪಾವಳಿ ನೆನಪಾಗಬೇಕು. ಪುಣೆಯ ಮಕ್ಕಳಿಗೆ ದೀಪಾವಳಿಯೆಂದರೆ ಪಟಾಕಿಗಿಂತ ಮೊದಲು ಕಿಲ್ಲಾ. ಕಟ್ಟಡದ ಮೂಲೆಯಲ್ಲಿ ಇಟ್ಟಿಗೆ, ಕಲ್ಲು, ಗೋಣಿಚೀಲ ಒಟ್ಟಿ, ಮೇಲೆ ಕೆಮ್ಮಣ್ಣಿನ ರಾಡಿ ಮೆತ್ತಿ ಕೋಟೆ ಕಟ್ಟುತ್ತಾರೆ. ರಾಯಗಡ, ರಾಜಗಡ, ತೋರಣಾ, ಪ್ರತಾಪಗಡ ಯಾವುದಾದರೂ ಆದೀತು. ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು, ಮೆಟ್ಟಿಲ ಮೇಲೆ ಮಾವಳೆ ಸೈನಿಕರು. ಮಣ್ಣಿನ ಈ ಗೊಂಬೆಗಳು ಕಸಬಾ ಪೇಠೆಯ ಕುಂಬಾರವಾಡೆಯಲ್ಲಿ ರಾಶಿಯಾಗಿ ಸಿಗುತ್ತವೆ. ನಮ್ಮ ಕಟ್ಟಡದ ಹುಡುಗರು ಕಟ್ಟಿದ ಕೋಟೆಯ ಹಿಂಭಾಗದಲ್ಲಿ ಮಗಳು ಯಾರಿಗೂ ಹೇಳದೆ ಒಂದು ಕಿಂಡಿ ಕೊರೆದು, ಪಕ್ಕದಲ್ಲಿ ತಾನೇ ಮಣ್ಣಿನಿಂದ ಮಾಡಿದ, ಕೈಯಲ್ಲಿ ಕಡ್ಡಿ ಹಿಡಿದ ಹೆಂಗಸಿನ ಗೊಂಬೆ ನಿಲ್ಲಿಸಿದಳು. ಆಜಿ ಬಗ್ಗಿ ನೋಡಿ, "ಅಗ ಬಾಯಿ, ಹೀ ಕೋಣ?" ಎಂದರು. ಒನಕೆ ಓಬವ್ವ, ಚಿತ್ರದುರ್ಗದವಳು. ಮಹಾರಾಜರ ಕಾಲಕ್ಕೂ ಅವಳ ಕಾಲಕ್ಕೂ ನೂರು ವರ್ಷದ ಅಂತರವಿದೆ, ಊರೂ ಬೇರೆ. ಆದರೆ ಕಿಂಡಿ ಕಾಯಲು ಯಾರಾದರೂ ಬೇಕು ಎಂಬ ಮಗಳ ವಾದವನ್ನು ಹುಡುಗರ ಸಭೆ ಒಪ್ಪಿತು.

ಕೋಟೆಗೆ ಹಸಿರು ಬರಿಸುವುದು ಆಳ್ವಿ ಬೀಜದಿಂದ. ಮರಾಠಿಯಲ್ಲಿ ಅಳೀವ್, ನಮ್ಮಲ್ಲಿ ಬಾಣಂತಿಯರಿಗೆ ಪಾಯಸ ಮಾಡಿ ಕೊಡುವ ಆ ಕೆಂಪು ಬೀಜ. ಗೋಡೆಯಂತೆ ನೆಟ್ಟಗಿರುವ ಮಣ್ಣಿನ ಮೇಲೆ ಬೇರೆ ಬೀಜ ಎರಚಿದರೆ ಉರುಳಿ ಬೀಳುತ್ತವೆ. ಆಳ್ವಿ ಬೀಳುವುದಿಲ್ಲ. ನೀರು ತಾಗಿದ ಕೂಡಲೇ ಅದರ ಸಿಪ್ಪೆ ಕಾಮಕಸ್ತೂರಿ ಬೀಜದಂತೆ ಲೋಳೆ ಬಿಡುತ್ತದೆ; ಆ ಲೋಳೆಯೇ ಅಂಟು, ಅದೇ ನೀರಿನ ತೊಟ್ಟಿ. ಮೊಳಕೆಗೆ ಬೇಕಾದ ಆಹಾರ ಬೀಜದೊಳಗೇ ಇರುವುದರಿಂದ ಮಣ್ಣು ಎಂಥದಾದರೂ ನಡೆಯುತ್ತದೆ. ಎರಡು ದಿನಕ್ಕೆ ಮೊಳಕೆ, ವಾರದೊಳಗೆ ಹಸಿರು ಗುಡ್ಡ. ನಮ್ಮ ಮೊದಲ ವರ್ಷ ನಾನು ಜಾಣತನ ಮಾಡಿ ಬೀಜವನ್ನು ರಾತ್ರಿಯೆಲ್ಲ ನೆನೆಸಿಟ್ಟೆ. ಬೆಳಿಗ್ಗೆ ಪಾತ್ರೆಯಲ್ಲಿದ್ದದ್ದು ಕಪ್ಪೆಮೊಟ್ಟೆಯಂಥ ಮುದ್ದೆ, ಎರಚಲು ಬರುವಂತಿರಲಿಲ್ಲ. ಒಣ ಬೀಜವನ್ನು ಒದ್ದೆ ಮಣ್ಣಿನ ಮೇಲೆ ಎರಚಬೇಕು. ಮುದ್ದೆಯಾದದ್ದನ್ನು ಅತ್ತೆಯವರು ಹಾಲು, ಬೆಲ್ಲ, ಕೊಬ್ಬರಿ ಹಾಕಿ ಕುದಿಸಿ ಪಾಯಸ ಮಾಡಿದರು. ಆ ವರ್ಷ ಕೋಟೆ ಬೋಳಾಗಿತ್ತು, ಸೈನ್ಯದ ಹೊಟ್ಟೆ ತುಂಬಿತ್ತು.

ಗಾಂಧೀಜಿಗೆ 1932ರಲ್ಲಿ ಇನ್ನೊಂದು ಹುಚ್ಚು ಹತ್ತಿತ್ತು, ಆಕಾಶ ನೋಡುವುದು. ನಕ್ಷತ್ರದ ರುಚಿ ಹಚ್ಚಿದವರು ಕಾಕಾ ಕಾಲೇಲಕರ್, 1930ರಲ್ಲಿ ಇದೇ ಜೈಲಿನಲ್ಲಿ ಅವರ ಜೊತೆಗಿದ್ದವರು. ಗುಡ್ಡದ ಮೇಲಿನ ಪರ್ಣಕುಟಿಯ ಲೇಡಿ ಪ್ರೇಮಲೀಲಾ ಠಾಕರಸಿ ದೂರದರ್ಶಕ ಕಳಿಸಿಕೊಟ್ಟರು. ಸಂಜೆಯಾದರೆ ಸೆರೆಯಾಳುಗಳು ತಾರೆ ನೋಡುತ್ತಿದ್ದರು. ಇಂದು ಯೆರವಡಾದ ಆಕಾಶದಲ್ಲಿ ಲೋಹಗಾಂವಿಗೆ ಇಳಿಯುವ ವಿಮಾನದ ದೀಪಗಳೇ ಹೆಚ್ಚು. ಆದರೂ ಡಿಸೆಂಬರಿನ ಚಳಿಯಲ್ಲಿ ಎಂಟು ಗಂಟೆಗೆ ತಾರಸಿ ಹತ್ತಿದರೆ ಮೂಡಣದಲ್ಲಿ ಮೃಗಶಿರ, ಅದರ ಪಕ್ಕದಲ್ಲೇ ಕೆಂಪಗೆ ಆರ್ದ್ರಾ ಕಾಣುತ್ತವೆ. ಅತ್ತೆಯವರು ತಕರಾರು ತೆಗೆದರು: "ಮಿರಗಾ ಮಳಿ ಜೂನ್‌ನ್ಯಾಗ. ಚಿಕ್ಕಿ ಈಗ್ಯಾಕ ಬಂತು?" ಒಳ್ಳೆಯ ಪ್ರಶ್ನೆ. ಉತ್ತರ ಹುಡುಕಿದಾಗ ನನಗೂ ಹೊಸದು. ಮೃಗಶಿರಾ ಮಳೆ ಎಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಸುಮಾರು ಹದಿನಾಲ್ಕು ದಿನ, ಜೂನ್ 7-8ರಿಂದ. ಸೂರ್ಯನ ಜೊತೆಗೇ ಹುಟ್ಟಿ ಮುಳುಗುವುದರಿಂದ ಆಗ ಆ ಚಿಕ್ಕೆ ಕಾಣುವುದೇ ಇಲ್ಲ. ಆರು ತಿಂಗಳ ನಂತರ, ಭೂಮಿ ಸೂರ್ಯನ ಇನ್ನೊಂದು ಬದಿಗೆ ಹೋದಾಗ, ಅದು ರಾತ್ರಿಯಿಡೀ ಕಾಣುತ್ತದೆ. ಎಂದರೆ ಮೃಗಶಿರಾ ನಕ್ಷತ್ರವನ್ನು ಅದರ ಮಳೆಯಲ್ಲಿ ಯಾರೂ ನೋಡಿಲ್ಲ. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಪ್ಪತ್ತು ವರ್ಷ ಹೆಸರು ಹೇಳಿದೆ, ಮಾರಿ ಇವತ್ತು ನೋಡಿದೆ" ಎಂದರು.

2021ರ ಜನವರಿ 26ರಿಂದ ಮಹಾರಾಷ್ಟ್ರ ಸರ್ಕಾರ ಯೆರವಡಾ ಜೈಲನ್ನು ಜನ ಒಳಹೊಕ್ಕು ನೋಡಲು ತೆರೆಯಿತು. ಪುಣೆ ಒಪ್ಪಂದದ ಮಾತುಕತೆ ನಡೆದ ಮಾವಿನ ಮರ, ಗಾಂಧೀಜಿ ಇದ್ದ ಅಂಗಳ ಅಲ್ಲಿವೆ. ಈ ಬೇಸಿಗೆ ರಜೆಗೆ ಹೋಗಬೇಕೆಂದು ಮಕ್ಕಳು ಹಠ ಹಿಡಿದಿದ್ದಾರೆ. ಸೋದರಮಾವನಿಗೆ ಫೋನ್ ಮಾಡಿ ತಿಳಿಸಿದೆ, ಅವರು ಕಾಯುತ್ತಲೇ ಇದ್ದರು, "ಕಡೀಕೂ ಒಳಗ ಹೊಂಟ್ರಿ ನೋಡು!" ಎಂದರು.

ನಮ್ಮ ಲಕೋಟೆಗಳಲ್ಲಿ ಈಗ ನೂರಾ ಹನ್ನೆರಡು ಪದಗಳಿವೆ. ನೀವು ಬೆಳಗಾವಿ, ನಿಪ್ಪಾಣಿ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯವರಾದರೆ ಎರಡೂ ಭಾಷೆಯಲ್ಲಿ ಓಡಾಡುವ ಇನ್ನೂ ಹತ್ತಾರು ಪದ ನಿಮ್ಮ ಅಡುಗೆಮನೆಯಲ್ಲೇ ಇರುತ್ತವೆ. ಈ ವರ್ಷದ ಕ್ಯಾಲೆಂಡರನ್ನು ರದ್ದಿಗೆ ಹಾಕಬೇಡಿ. ಮೈದಾ ಅಂಟು ಕುದಿಸಿ, ಮನೆಯ ಮಕ್ಕಳನ್ನು ಕೂರಿಸಿಕೊಂಡು, ಬರೆದಿಡಲು ಶುರು ಮಾಡಿ. ಅಂಟು ತೆಳ್ಳಗಾದರೆ ಸೋಡಾ ಮಾತ್ರ ಹಾಕಬೇಡಿ, ನಾವು ಹಾಕಿ ನೋಡಿದ್ದೇವೆ.